ಚಿಕ್ಕಂದಿನ ಅಗ್ಗದ ಟೆನಿಸ್ ಬ್ಯಾಟ್: ನಿಮ್ಮ ಹತ್ರ ಯಾವುದಿತ್ತು?

ಕೋಟೆಬಯಲು

ಮಗಳಿಗೆ ಎಂಟು ವರ್ಷ. ಟೆನಿಸ್ ಕಲೀತೀನಿ ಅಂತ ಹಟ ಹಿಡಿದ್ಳು, ಸೇರಿಸಿದ್ವಿ. ಮೊದಲ ವಾರಾನೇ ರ್ಯಾಕೆಟ್ ತಗೊಳ್ಳಿ ಅಂತ ಒಂದು ಪಟ್ಟಿ ಕೊಟ್ರು. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೇದು ಅಂದ್ರೂ ನಾಲ್ಕು ಸಾವಿರದ ಮೇಲೆ. ಅವತ್ತಿಂದ ನನ್ನ ಹಳೇ ಬ್ಯಾಟ್ ತಲೇಲಿ ಕೂತ್ಬಿಟ್ಟಿದೆ.

ನಮ್ಮದು ಚಿತ್ರದುರ್ಗ. ತೊಂಬತ್ತರ ದಶಕದ ಶುರು. ಪಾತ್ರೆ ಅಂಗಡಿ ಪಕ್ಕದ ಒಂದು ಸಣ್ಣ ಆಟದ ಸಾಮಾನಿನ ಅಂಗಡಿಯಿಂದ ಅಪ್ಪ ತಂದಿದ್ದು, ಎಂಬತ್ತು ರೂಪಾಯಿ. ಅಲ್ಯೂಮಿನಿಯಂ ಕೊಳವೆ ಬಗ್ಗಿಸಿ ಮಾಡಿದ ಚೌಕಟ್ಟು, ಕತ್ತಿನ ಹತ್ರ ಕೆಂಪು ಪ್ಲಾಸ್ಟಿಕ್ ತುಂಡು, ಅದಕ್ಕೆ ಎರಡು ಪುಟ್ಟ ಸ್ಕ್ರೂ. ಹಿಡಿಗೆ ಕಪ್ಪು ರೆಕ್ಸಿನ್ ಸುತ್ತಿ ತುದೀಲಿ ಒಂದು ಗುಂಡುಪಿನ್ನು ಹೊಡೆದಿದ್ರು. ಬೆವರಿಗೆ ಆ ರೆಕ್ಸಿನ್ ಬಣ್ಣ ಬಿಟ್ಟು ಅಂಗೈಯೆಲ್ಲ ಕಪ್ಪು. ಕೆಳಗಿನ ಮುಚ್ಚಳ ತಿಂಗಳೊಳಗೆ ಬಿತ್ತು, ಒಳಗೆ ಪೂರ್ತಿ ಪೊಳ್ಳು. ಆ ಎರಡು ಸ್ಕ್ರೂ ಸಡಿಲ ಆದ್ರೆ ಪ್ರತಿ ಹೊಡೆತಕ್ಕೂ ಝಿಣ್ ಅಂತ ಮೊಣಕೈವರೆಗೂ ನಡುಗೋದು. ಅಮ್ಮನ ಹೊಲಿಗೆ ಯಂತ್ರದ ಡ್ರೈವರ್ ತಂದು ಬಿಗಿ ಮಾಡ್ಕೊಂಡು ಮತ್ತೆ ಶುರು. ಕೋರ್ಟ್ ಅಂದ್ರೆ ಸ್ಕೂಲ್ ಹಿಂದಿನ ಗೋಡೆ.

ಕೇಳಬೇಕು ಅನ್ನಿಸಿದ್ದು ಇಷ್ಟು: ಆ ಬ್ಯಾಟ್‌ಗಳು ನಿಜವಾಗ್ಲೂ ಆಡೋಕೆ ಚೆನ್ನಾಗಿದ್ವಾ? ಅಥವಾ ನಮ್ಮ ಬಾಲ್ಯ ಅಂತ ಈಗ ಚೆನ್ನಾಗಿ ಕಾಣ್ತಿದ್ಯಾ? ನಿಮ್ಮ ಹತ್ರ ಯಾವುದಿತ್ತು, ಎಲ್ಲಿ ಸಿಕ್ತು, ಕೊನೆಗೇನಾಯ್ತು? ಎಲ್ಲ ಹೇಳಿ.

ಅರಸುರಸ್ತೆ

ದಸರಾ ವಸ್ತುಪ್ರದರ್ಶನ! ಮೈಸೂರಿನವರಿಗೆ ಬೇರೆ ಉತ್ತರಾನೇ ಇಲ್ಲ. ಜೋಡಿ ಬ್ಯಾಟು, ಒಂದು ಚೆಂಡು, ಜಾಲರಿ ಚೀಲ. ಹಪ್ಪಳ ತಿಂದು ಎಣ್ಣೆ ಕೈಲೇ ಹಿಡ್ಕೊಂಡು ಮನೆಗೆ ಬರ್ತಿದ್ವಿ.

ಧಾರವಾಡದಾಂವ

ಎಂಬತ್ತು ರೂಪಾಯಿ ಅಂದ್ರ ನೀವು ಸಾಹುಕಾರ್ರ ಬಿಡ್ರಿ. ನಮ್ಮಪ್ಪ ಹುಬ್ಬಳ್ಳಿ ದುರ್ಗದಬೈಲಿನಾಗ ಚೌಕಾಶಿ ಮಾಡಿ ಮಾಡಿ ಐವತ್ತೈದಕ್ಕ ತಂದಿದ್ರು. ಅದೂ ಮರದ್ದು. ನಾಲ್ಕು ಮನಿ ಹುಡುಗರಿಗೆ ಅದೊಂದ ಬ್ಯಾಟು. ಎದುರಿಗಿನಾಂವ ಪರೀಕ್ಷಾ ಪ್ಯಾಡ್ ಹಿಡಕೊಂಡು ಆಡಬೇಕು. ಗೆದ್ದಾಂವಗ ಬ್ಯಾಟು, ಸೋತಾಂವಗ ಪ್ಯಾಡು. ಹಿಂಗಾಗಿ ಗೆದ್ದಾಂವ ಗೆಲ್ಲತನ ಹೋಗ್ತಿದ್ದ, ಪ್ಯಾಡಿನವನ ಪಾಳೆ ಬರತಿದ್ದಿಲ್ಲ. ಭಾಳ ಜಗಳ ಆಗ್ತಿದ್ವು ನೋಡ್ರಿ.

ಹಸಿರಂಗಳ

ನಾನು ಮಕ್ಕಳಿಗೆ ಟೆನಿಸ್ ಹೇಳಿಕೊಡೋನು, ಸುಮಾರು ವರ್ಷಗಳಿಂದ. ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಚೆನ್ನಾಗಿರಲಿಲ್ಲ.

ಆ ಅಲ್ಯೂಮಿನಿಯಂ ಬ್ಯಾಟ್‌ಗಳ ಸಮತೋಲನವೇ ಸರಿ ಇರುತ್ತಿರಲಿಲ್ಲ. ಎಲ್ಲಾ ಭಾರ ತಲೆ ಕಡೆ. ಚೆಂಡು ಜಾಲದ ನಟ್ಟನಡುವೆ ಬಿದ್ದರೆ ಸರಿ, ಎರಡು ಬೆರಳು ಆಚೆ ಬಿದ್ದರೆ ಕೈಯಲ್ಲೇ ತಿರುಗುತ್ತಿತ್ತು. ಅದಕ್ಕೆ ಎಲ್ಲರೂ ಮಣಿಕಟ್ಟು ಬಿಗಿ ಹಿಡಿದು ಕತ್ತರಿಸಿ ಹೊಡೆಯೋದನ್ನ ಕಲಿತರು. ಆ ಚಾಳಿ ನಲವತ್ತು ದಾಟಿದವರಲ್ಲೂ ಬಿಟ್ಟಿಲ್ಲ, ದಿನಾ ಬೆಳಗ್ಗೆ ನೋಡ್ತೀನಿ. ಇನ್ನೂ ದೊಡ್ಡ ತಪ್ಪು ಅಳತೆಯದ್ದು. ಏಳೆಂಟು ವರ್ಷದ ಮಗುವಿನ ಕೈಗೆ ದೊಡ್ಡವರ 27 ಇಂಚಿನ ಬ್ಯಾಟ್ ಕೊಡ್ತಿದ್ವಿ. ಮಗು ಹಿಡಿ ಬಿಟ್ಟು ಕತ್ತು ಹಿಡ್ಕೊಂಡು ಆಡ್ತಿತ್ತು.

ನೆನಪು ಸಿಹಿ ಇರಲಿ, ನನಗೂ ಇದೆ. ಆದ್ರೆ ಅದು ಒಳ್ಳೇ ಬ್ಯಾಟ್ ಆಗಿತ್ತು ಅಂತ ಹೇಳಿ ಈಗಿನ ಮಕ್ಕಳಿಗೆ ಅದನ್ನೇ ಕೊಡಬೇಡಿ.

ಮರದಚೌಕಟ್ಟು

@ಹಸಿರಂಗಳ ಅವರೇ, ಅಲ್ಯೂಮಿನಿಯಂ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪಿದೆ. ಮರದ್ದನ್ನು ಮಾತ್ರ ಅದರ ಜೊತೆ ಸೇರಿಸಬೇಡಿ. ಅದು ಬೇರೆಯೇ ವಸ್ತು.

ನಾನು ಆಡಲು ಶುರು ಮಾಡಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ವಿದೇಶಿ ರ್ಯಾಕೆಟ್ಟುಗಳ ಹೆಸರನ್ನು ಪತ್ರಿಕೆಯಲ್ಲಿ ಓದಿದ್ದಷ್ಟೇ. ನಮಗೆ ಸಿಗುತ್ತಿದ್ದದ್ದು ಜಲಂಧರ್, ಮೀರತ್ ಕಡೆಯವು. 1947ರಲ್ಲಿ ದೇಶ ಒಡೆದಾಗ ಸಿಯಾಲ್‌ಕೋಟ್‌ನ ಆಟದ ಸಾಮಾನಿನ ಕುಶಲಕರ್ಮಿಗಳು ಮನೆ ಮಠ ಬಿಟ್ಟು ಬಂದು ನೆಲೆ ನಿಂತದ್ದು ಈ ಊರುಗಳಲ್ಲಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾನು ಕೊಂಡ ಅಗ್ಗದ ಬ್ಯಾಟಿನ ಹಿಂದೆ ಅಷ್ಟು ದೊಡ್ಡ ಕಥೆ ಇತ್ತು ಎನ್ನುವುದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಮರದ ಬ್ಯಾಟು ಒಂದೇ ತುಂಡಲ್ಲ. ತೆಳುವಾದ ಪಟ್ಟಿಗಳನ್ನು ಬಿಸಿಯಲ್ಲಿ ಬಗ್ಗಿಸಿ, ಒಂದರ ಮೇಲೊಂದು ಅಂಟಿಸಿ ಚೌಕಟ್ಟು ಮಾಡುತ್ತಿದ್ದರು. ಹೊರದೇಶದ ಒಳ್ಳೆಯವುಗಳಲ್ಲಿ ಆಶ್, ಬೀಚ್ ಮರ. ನಮ್ಮಲ್ಲಿ ಹಿಪ್ಪುನೇರಳೆ ಮರವೂ ಬಳಕೆಯಲ್ಲಿತ್ತು. ಅದರ ಪಟ್ಟಿ ಬಳುಕುತ್ತದೆ, ಮುರಿಯುವುದಿಲ್ಲ, ಹಾಕಿ ಕೋಲಿಗೂ ಅದೇ. ನಮ್ಮ ರೇಷ್ಮೆ ಸೀಮೆಯಲ್ಲಿ ಎಲೆ ಕೊಯ್ಯಲೆಂದು ಗಿಡವಾಗಿಯೇ ಕತ್ತರಿಸಿ ಇಡುವ ಹಿಪ್ಪುನೇರಳೆ, ಬಿಟ್ಟರೆ ದೊಡ್ಡ ಮರವೇ ಆಗುತ್ತದೆ.

ತಲೆ ಪುಟ್ಟದು, 65 ರಿಂದ 70 ಚದರ ಇಂಚು. ಈಗಿನವು 100ರ ಆಸುಪಾಸು. ತೂಕ ಮಾತ್ರ ಜಾಸ್ತಿ, 370 ಗ್ರಾಂ ಮೇಲೆ. ಆದರೆ ಚೆಂಡು ಮಧ್ಯಕ್ಕೆ ಕೂತಾಗ ಬರುವ ಆ ಮೆತ್ತನೆಯ ತಾಕು ಇದೆಯಲ್ಲ, ಅಲ್ಯೂಮಿನಿಯಂನಲ್ಲೂ ಇಲ್ಲ, ಗ್ರಾಫೈಟ್‌ನಲ್ಲೂ ಇಲ್ಲ. ಮೊಣಕೈ ನೋವು ಅಂತ ನಮ್ಮ ಗುಂಪಿನಲ್ಲಿ ಒಬ್ಬರೂ ಅಂದದ್ದು ನೆನಪಿಲ್ಲ.

ಕುಡ್ಲದಮಳೆ

ಮರದ ಬ್ಯಾಟಿನ ಸುಖ ಎಲ್ಲ ಘಟ್ಟದ ಮೇಲಿನವರಿಗೆ ಮಾರಾಯ್ರೆ. ನಮ್ಮ ಮಂಗಳೂರಲ್ಲಿ ಜೂನ್ ಬಂತು ಅಂದ್ರೆ ಬ್ಯಾಟು ಡೊಂಕು. ಅದಕ್ಕೊಂದು ಪ್ರೆಸ್ ಅಂತ ಬರ್ತಿತ್ತು, ಮರದ ಚೌಕ, ನಾಲ್ಕು ಮೂಲೆಗೆ ಚಿಟ್ಟೆ ನಟ್ಟು. ಆಡಿ ಬಂದ ಕೂಡ್ಲೇ ಒರೆಸಿ, ಒಳಗಿಟ್ಟು, ನಾಲ್ಕನ್ನೂ ಒಂದೇ ಸಮ ತಿರುಗಿಸ್ಬೇಕು. ಒಂದು ಮೂಲೆ ಜಾಸ್ತಿ ಬಿಗಿಯಾದ್ರೆ ಅದೇ ಪ್ರೆಸ್ಸಿಂದ್ಲೇ ಬ್ಯಾಟು ಸೊಟ್ಟ ಆಗ್ತದೆ. ನಾವು ಅಷ್ಟಕ್ಕೆ ಬಿಡದೆ ಒಲೆ ಮೇಲಿನ ಅಟ್ಟದಲ್ಲಿ, ಕೊಬ್ಬರಿ ಒಣಗಿಸುವಲ್ಲಿ ಇಡ್ತಿದ್ದದ್ದು. ಪೂರ್ತಿ ಮಳೆಗಾಲ ಹೊಗೆ ತಿಂದು ಸಪ್ಟೆಂಬರಿಗೆ ಹೊರಗೆ ಬರುವಾಗ ಬಣ್ಣ ಗುರ್ತ ಸಿಗ್ತಿರ್ಲಿಲ್ಲ, ಆದ್ರೆ ನೆಟ್ಟಗೆ ಇರ್ತಿತ್ತು.

ಅರಸುರಸ್ತೆ

ಪ್ರೆಸ್‌ಗೇ ಬ್ಯಾಟಿನ ಅರ್ಧ ಬೆಲೆ ಅಲ್ವಾ? ನಮ್ಮನೇಲಿ ಎರಡು ಡಿಕ್ಷನರಿ ಮಧ್ಯ ಇಟ್ಟು ಮೇಲೆ ರುಬ್ಬೋ ಗುಂಡು.

ಗಟ್_ಮೇಷ್ಟ್ರು

ಬೆಂಗಳೂರಲ್ಲಿ ಬ್ಯಾಟ್‌ಗಳಿಗೆ ಗಟ್, ಅಂದ್ರೆ ಜಾಲದ ದಾರ, ಹಾಕೋದೇ ನನ್ನ ಕೆಲಸ. ಈ ಚರ್ಚೆ ನೋಡಿ ಸುಮ್ಮನಿರೋಕಾಗ್ಲಿಲ್ಲ.

ಎಲ್ಲರೂ ಚೌಕಟ್ಟಿನ ಬಗ್ಗೆ ಮಾತಾಡ್ತಿದ್ದೀರಿ. ಅಗ್ಗದ ಬ್ಯಾಟಿನ ಅರ್ಧ ಗುಣ ಅವಗುಣ ಗಟ್ಟಿಂದು. ಕಾರ್ಖಾನೇಲಿ ದಪ್ಪ ನೈಲಾನ್ ದಾರಾನ ಸಡಿಲವಾಗಿ ಹೆಣೆದು ಕಳಿಸ್ತಿದ್ರು. ಯಾಕೆ? ಬಿಗಿ ಎಳೆದ್ರೆ ಆ ತೆಳು ಕೊಳವೆ ತಡಿಯಲ್ಲ, ಒಳಕ್ಕೆ ಬಗ್ಗುತ್ತೆ. ಗಟ್ ಸಡಿಲ ಇದ್ರೆ ಚೆಂಡು ಒಳಗೆ ಇಳಿದು ಜೋರಾಗಿ ಚಿಮ್ಮುತ್ತೆ. ವೇಗ ಸಿಗುತ್ತೆ, ಗುರಿ ಸಿಗಲ್ಲ. ನಿಮ್ಮ ಚೆಂಡೆಲ್ಲ ಪಕ್ಕದ ಮನೆ ತಾರಸಿ ಮೇಲೆ ಹೋಗ್ತಿದ್ದಿದ್ದು ನಿಮ್ಮ ತೋಳಿನ ಬಲದಿಂದಲ್ಲ. ಸಡಿಲ ಗಟ್ಟಿಂದ.

ಇನ್ನೊಂದು. ಮಧ್ಯದ ಎರಡು ಗಟ್ ಕಿತ್ತೋದ್ರೆ ಅಲ್ಲಲ್ಲೇ ಗಂಟು ಹಾಕಿ ಆಡ್ತಿದ್ರಲ್ಲ, ಅದು ಚೌಕಟ್ಟಿಗೆ ವಿಷ. ಒಂದು ಕಡೆ ಎಳೆತ ಹೋಗಿ ಇನ್ನೊಂದು ಕಡೆ ಉಳಿದ್ರೆ ಮರ ಆಗ್ಲಿ ಲೋಹ ಆಗ್ಲಿ ಆಕಾರ ಕೆಡುತ್ತೆ. ಒಂದು ಕಿತ್ತೋಯ್ತು ಅಂದ್ರೆ ಆ ಕ್ಷಣಾನೇ ಉಳಿದಿದ್ದನ್ನೂ ಕತ್ತರಿಸಿಬಿಡಬೇಕು, ಮಧ್ಯದಿಂದ ಹೊರಕ್ಕೆ. ಇದು ಇವತ್ತಿನ ಇಪ್ಪತ್ತು ಸಾವಿರದ ಬ್ಯಾಟ್‌ಗೂ ಅನ್ವಯ.

ಧಾರವಾಡದಾಂವ

@ಗಟ್_ಮೇಷ್ಟ್ರು ಮೂವತ್ತು ವರ್ಷದ ಮ್ಯಾಲೆ ನನ್ನ ತೋಳಿನ ಬಲಾ ಕಸಗೊಂಡ್ರೆಲ್ಲ ಸರ್ರ.

ತಾಲೂಕು_ಹೈದ

ಬೆಕರ್ 1985ರಲ್ಲಿ ವಿಂಬಲ್ಡನ್ ಗೆದ್ದಾಗ ದೂರದರ್ಶನದಲ್ಲಿ ನೋಡಿದ್ದೆ. ಹದಿನೇಳು ವರ್ಷದ ಹುಡುಗ, ಮರದ ಬ್ಯಾಟಲ್ಲೇ ಅಷ್ಟು ಜೋರು ಸರ್ವ್! ಮಾರನೇ ದಿನ ನಮ್ಮೂರ ಹುಡುಗರೆಲ್ಲ ಮಣ್ಣಲ್ಲಿ ಡೈವ್ ಹೊಡೆದು ಮಂಡಿ ತರಚಿಕೊಂಡ್ವಿ.

ಮರದಚೌಕಟ್ಟು

ವಯಸ್ಸು ಸರಿ, ಬ್ಯಾಟು ಮರದ್ದಲ್ಲ. 1985ರ ಹೊತ್ತಿಗೆ ಮೇಲ್ಮಟ್ಟದಲ್ಲಿ ಮರದ ಕಾಲ ಮುಗಿಯುತ್ತ ಬಂದಿತ್ತು. 1981ರ ಫೈನಲ್ ನೋಡಿ, ಮೆಕೆನ್ರೋ ಮತ್ತು ಬೋರ್ಗ್, ಇಬ್ಬರ ಕೈಯಲ್ಲೂ ಮರವೇ. ವಿಂಬಲ್ಡನ್‌ನಲ್ಲಿ ಮರದ ಬ್ಯಾಟಿನಿಂದ ಗೆದ್ದ ಕೊನೆಯ ಪುರುಷ ಚಾಂಪಿಯನ್ ಆ ವರ್ಷದ ಮೆಕೆನ್ರೋ. ಲೋಹ ಅದಕ್ಕೂ ಮುಂಚೆಯೇ ಬಂದಿತ್ತು, ಕಾನರ್ಸ್ ಉಕ್ಕಿನ ಬ್ಯಾಟಿನಲ್ಲೇ ಆಡಿದವನು. 1976ರಲ್ಲಿ ಅಮೆರಿಕದ ಬ್ಯಾಟು ತಯಾರಕ ಹೊವರ್ಡ್ ಹೆಡ್ ದೊಡ್ಡ ತಲೆಯ ಬ್ಯಾಟು ಮಾರುಕಟ್ಟೆಗೆ ತಂದ, ಆಮೇಲೆ ಗ್ರಾಫೈಟ್ ಬಂತು. ಮರ ಅಷ್ಟು ದೊಡ್ಡ ತಲೆಯನ್ನು ತಡೆಯುವುದಿಲ್ಲ, ಸೀಳುತ್ತದೆ.

ಬೋರ್ಗ್ 1991ರಲ್ಲಿ ಮಾಂಟೆ ಕಾರ್ಲೋದಲ್ಲಿ ವಾಪಸ್ ಬಂದಾಗಲೂ ಅದೇ ಮರದ ಬ್ಯಾಟು ಹಿಡಿದು ಬಂದ. ಮೊದಲ ಪಂದ್ಯದಲ್ಲೇ ಸೋತ. ಅವತ್ತು ಪತ್ರಿಕೆಯಲ್ಲಿ ಚಿತ್ರ ನೋಡಿ ನನಗೆ ತುಂಬಾ ಬೇಸರವಾಗಿತ್ತು.

ತಾಲೂಕು_ಹೈದ

ನಮ್ಮನೆ ಟಿವಿ ಕಪ್ಪು ಬಿಳುಪು, ಬ್ಯಾಟ್ ಯಾವುದಾದ್ರೇನು, ಚೆಂಡು ಕಂಡ್ರೆ ಸಾಕಾಗಿತ್ತು.

ಹಸಿರಂಗಳ

ಚೆಂಡು ಹಳದಿ ಆಗಿದ್ದೇ ಬಣ್ಣದ ಟಿವಿಯಲ್ಲಿ ಕಾಣಲಿ ಅಂತ. ಅಂತರರಾಷ್ಟ್ರೀಯ ಒಕ್ಕೂಟ 1972ರಲ್ಲೇ ಒಪ್ಪಿತ್ತು, ವಿಂಬಲ್ಡನ್ 1986ರವರೆಗೂ ಬಿಳಿ ಬಿಡಲಿಲ್ಲ. ಅಂದ್ರೆ ಬೆಕರ್ ಮೊದಲ ಸಲ ಗೆದ್ದಿದ್ದು ಬಿಳಿ ಚೆಂಡಲ್ಲಿ.

ನೀಲಿಲಂಗ

ಇಷ್ಟು ಹೊತ್ತು ಬರೀ ಹುಡುಗರ ಕಥೇನೇ ಆಯ್ತು. ನನ್ನದೂ ಕೇಳಿ.

ನಮ್ಮ ಹೈಸ್ಕೂಲಲ್ಲಿ ಹುಡುಗೀರಿಗೆ ಟೆನ್ನಿಕಾಯ್ಟ್, ಥ್ರೋಬಾಲ್. ಅಷ್ಟೇ. ಆಟದ ಕೋಣೇಲಿ ಟೆನಿಸ್ ಬ್ಯಾಟ್ ನೇತಾಡ್ತಿತ್ತು, ಪ್ರೆಸ್ ಸಮೇತ. ಕೇಳಿದ್ರೆ ಮೇಷ್ಟ್ರು ರಬ್ಬರ್ ರಿಂಗ್ ಕೈಗಿಟ್ಟು ಕಳಿಸ್ತಿದ್ರು. ಮನೇಲಿ ಅಣ್ಣನಿಗೆ ಬ್ಯಾಟ್ ತಂದ್ರು. ಅವನು ಎರಡು ವಾರ ಆಡಿ ಕ್ರಿಕೆಟ್‌ಗೆ ಓಡ್ಹೋದ. ಅದು ಮಂಚದ ಕೆಳಗೆ ಸೇರ್ತು, ನಾನು ಎತ್ಕೊಂಡೆ. ಹಿತ್ತಲಲ್ಲಿ ಬಟ್ಟೆ ಒಣಗ್ಹಾಕೋ ಹಗ್ಗದಲ್ಲಿ ಅಮ್ಮನ ಹಳೇ ಸೀರೆ ಇಳಿಬಿಟ್ರೆ ಅದೇ ನೆಟ್. ಚೆಂಡನ್ನ ಕಾಲುಚೀಲದಲ್ಲಿ ಕಟ್ಟಿ ಸೀಬೆ ಮರಕ್ಕೆ ತೂಗುಬಿಟ್ಟು ಒಬ್ಬಳೇ ಹೊಡೀತಿದ್ದೆ. ಮುಂಗೈ, ಹಿಂಗೈ, ಮುಂಗೈ, ಹಿಂಗೈ. ಕತ್ತಲಾದ್ರೂ ಪರವಾಗಿಲ್ಲ, ಚೆಂಡು ಕಳೆದುಹೋಗಲ್ಲ.

2005ರಲ್ಲಿ ಸಾನಿಯಾ ಮಿರ್ಜಾ ಹೈದರಾಬಾದ್ ಟೂರ್ನಿ ಗೆದ್ದಾಗ ನನಗೆ ಮದುವೆಯಾಗಿ ಮಗು ಇತ್ತು. ಟಿವಿ ಮುಂದೆ ಕೂತು ಅತ್ತುಬಿಟ್ಟೆ. ಆ ವರ್ಷ ಅಂಗಡಿಗಳಲ್ಲಿ ಗುಲಾಬಿ ಬಣ್ಣದ ಅಗ್ಗದ ಬ್ಯಾಟ್ ನೇತುಹಾಕಿದ್ದು ಮೊದಲ ಸಲ ನೋಡಿದೆ. ಗುಲಾಬಿ ನನಗೆ ಇಷ್ಟವಿಲ್ಲ, ಆದ್ರೂ ಮಗಳಿಗೆ ತಗೊಂಡೆ.

@ಹಸಿರಂಗಳ ನೀವು ಆ ಬ್ಯಾಟ್ ಕೆಟ್ಟದ್ದು ಅಂತೀರಿ. ಅದಿಲ್ಲದಿದ್ರೆ ನನ್ನ ಕೈಗೆ ಬೇರೆ ಯಾವುದೂ ಬರ್ತಿರಲಿಲ್ಲ.

ಹಸಿರಂಗಳ

ಅದಕ್ಕೆ ನನ್ನ ತಕರಾರಿಲ್ಲ ಮೇಡಂ. ತೂಗು ಚೆಂಡಿನ ಅಭ್ಯಾಸ ನಾನೂ ಮಾಡಿಸ್ತೀನಿ, ತುಂಬಾ ಒಳ್ಳೇದು.

ಹಳದಿಉಣ್ಣೆ

ಟೆನಿಸ್ ಟೆನಿಸ್ ಅಂತ ಎಲ್ಲರೂ ಬಾಲ್ ಬ್ಯಾಡ್ಮಿಂಟನ್ ಮರೆತೇಬಿಟ್ರಾ? ಹಳೇ ಮೈಸೂರು ಕಡೆ ಸಂಜೆ ಆದ್ರೆ ಹೈಸ್ಕೂಲ್ ಮೈದಾನದಲ್ಲಿ ಇದೇ ಆಟ ಇತ್ತು. ಹಳದಿ ಉಣ್ಣೆ ಚೆಂಡು, ಒಂದೊಂದು ಕಡೆ ಐದು ಜನ, ಮಣ್ಣಿನ ಅಂಗಳ. ಚೆಂಡು ನೆಲ ಮುಟ್ಟೋ ಹಾಗಿಲ್ಲ. ಹುಟ್ಟಿದ್ದು ತಂಜಾವೂರಲ್ಲಿ, ಬೆಳೆದಿದ್ದು ದಕ್ಷಿಣ ಭಾರತದಲ್ಲಿ. ಅಗ್ಗದ ಬ್ಯಾಟಿನ ಆಟ ಅಂದ್ರೆ ಇದು. ಬ್ಯಾಂಕಿನವರು, ಮೇಷ್ಟ್ರುಗಳು, ಎಸ್ಸೆಸ್ಸೆಲ್ಸಿ ಹುಡುಗರು ಎಲ್ಲ ಒಂದೇ ಅಂಗಳದಲ್ಲಿ. ಹತ್ತು ಜನ ಆಡೋಕೆ ಒಂದು ನೆಟ್, ಒಂದು ಚೆಂಡು ಸಾಕು. ಟೆನಿಸ್ ಅಂಗಳದಲ್ಲಿ ಇಬ್ಬರು ಆಡ್ತಾರೆ, ಹತ್ತು ಜನ ಕಾಯ್ತಾರೆ.

ತಾಲೂಕು_ಹೈದ

ಬಾಲ್ ಬ್ಯಾಡ್ಮಿಂಟನ್ ಬ್ಯಾಟಲ್ಲಿ ಟೆನಿಸ್ ಚೆಂಡು ಹೊಡೆದ್ರೆ ಏನಾಗುತ್ತೆ ಗೊತ್ತಾ? ನಮ್ಮಣ್ಣ ಮಾಡಿದ್ದ. ಗಟ್ ಟಪ್ ಅಂತ ಹೋಯ್ತು, ಅಣ್ಣನ ಬೆನ್ನೂ ಹೋಯ್ತು.

ವಿಕ್ಕಿಬಾಲ್

ಟೆನಿಸ್ ಚೆಂಡು ಇರೋದೇ ಕ್ರಿಕೆಟ್‌ಗೆ. ಕರ್ನಾಟಕದ ಯಾವ ಊರಲ್ಲಿ ಬೇಕಾದ್ರೂ ಕೇಳಿ ನೋಡಿ.

ಧಾರವಾಡದಾಂವ

ಬಂದ್ರ ನೋಡ್ರಿ ಕ್ರಿಕೆಟ್ಟಿನವರು. ಬ್ಯಾರೆ ಎಳಿ ಮಾಡಕೋರಿ.

ವಿಕ್ಕಿಬಾಲ್

ತಮಾಷೆ ಮಾಡ್ತಿಲ್ಲ ಅಣ್ಣ. ನಮ್ಮ ಗಲ್ಲೀಲಿ ಟೆನಿಸ್ ಬ್ಯಾಟ್ ಇದ್ದ ಹುಡುಗನ ಹತ್ರ ಚೆಂಡು ಇರ್ತಿರಲಿಲ್ಲ, ನಮ್ಮ ಹತ್ರ ಚೆಂಡು ಇತ್ತು. ಕ್ರಿಕೆಟ್ ಮುಗಿದ ಮೇಲೆ ಅರ್ಧ ಗಂಟೆ ಅವನ ಬ್ಯಾಟಲ್ಲಿ ನಾವೂ ಹೊಡೀತಿದ್ವಿ, ಅದು ಒಪ್ಪಂದ. ಕ್ರಿಕೆಟ್‌ನ ಗಟ್ಟಿ ಟೆನಿಸ್ ಚೆಂಡು ಆ ಬ್ಯಾಟಿನ ಗಟ್ಟನ್ನ ಒಂದು ಬೇಸಿಗೇಲಿ ಮುಗಿಸಿಬಿಡ್ತು.

ಚೆಂಡುಹೆಕ್ಕೋನು

ಮೊದಲ ಸಲ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ನಮ್ಮದು ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರ. ಊರಿಗೊಂದು ಅಧಿಕಾರಿಗಳ ಕ್ಲಬ್, ಬ್ರಿಟಿಷರ ಕಾಲದ್ದು, ಒಂದು ಮಣ್ಣಿನ ಟೆನಿಸ್ ಕೋರ್ಟ್. ಡಾಕ್ಟರು, ಇಂಜಿನಿಯರು, ಮುನ್ಸೀಫರು ಸಂಜೆ ಐದಕ್ಕೆ ಬರ್ತಿದ್ರು. ನಾನು ಚೆಂಡು ಹೆಕ್ಕೋ ಹುಡುಗ. ಕ್ಲಬ್ಬಿನ ಮಾರ್ಕರ್ ಅಂತ ಒಬ್ಬರು ಇದ್ರು, ಕೋರ್ಟ್ ನೋಡ್ಕೊಳ್ಳೋದು ಅವರ ಕೆಲಸ, ಆಡೋಕೆ ಜೋಡಿ ಸಿಗದ ಸಾಹೇಬರ ಜೊತೆ ಆಡೋದೂ ಅವರೇ. ಊರಲ್ಲಿ ಅವರಿಗಿಂತ ಚೆನ್ನಾಗಿ ಆಡೋರು ಯಾರೂ ಇರಲಿಲ್ಲ. ಸಾಹೇಬರ ಜೊತೆ ಆಡುವಾಗ ಮಾತ್ರ ಅವರು ಸೋಲ್ತಿದ್ರು. ಅದು ನನಗೆ ಅರ್ಥ ಆಗೋಕೆ ಸ್ವಲ್ಪ ಕಾಲ ಬೇಕಾಯ್ತು.

ಮಧ್ಯಾಹ್ನ ಮೂರಕ್ಕೆ ಹೋಗಿ ಕೋರ್ಟ್‌ಗೆ ನೀರು ಚಿಮುಕಿಸಬೇಕು. ಜಾಸ್ತಿ ಆದ್ರೆ ರೋಲರ್‌ಗೆ ಮಣ್ಣು ಮೆತ್ತುತ್ತೆ, ಕಡಿಮೆ ಆದ್ರೆ ಧೂಳು ಏಳುತ್ತೆ. ಮಾರ್ಕರ್ ಬರಿಗಾಲಲ್ಲಿ ನಿಂತು ಹಿಮ್ಮಡಿ ಒತ್ತಿ ನೋಡಿ ‘ಈಗ ಎಳಿ’ ಅನ್ನೋರು. ಇಬ್ಬರು ಕಲ್ಲಿನ ರೋಲರ್ ಎಳೀತಿದ್ವಿ. ಆಮೇಲೆ ದಾರ ಕಟ್ಟಿ, ಸುಣ್ಣದ ನೀರಲ್ಲಿ ಗೆರೆ ಎಳೆಯೋದು.

ಅವರೇ ಒಂದಿನ ನನಗೊಂದು ಬ್ಯಾಟ್ ಕೊಟ್ರು. ಯಾರೋ ಬಿಸಾಕಿದ್ದು, ಮರದ್ದು, ಕತ್ತಿನ ಹತ್ರ ಪದರ ಬಿಟ್ಟಿತ್ತು. ಬಿಟ್ಟ ಜಾಗಕ್ಕೆ ಅಂಟು ತುಂಬಿ, ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ, ಒಂದು ರಾತ್ರಿ ಕಲ್ಲಿನ ಕೆಳಗಿಟ್ರು. ಗಟ್ ಹೋದ ಕಡೆ ಗಾಳದ ದಾರ. ಸೂಜಿ ಬದಲು ಚಪ್ಪಲಿ ಹೊಲಿಯೋ ಉಳಿ. ಅದರಲ್ಲಿ ಅವರು ನನಗೆ ಆಟ ಹೇಳಿಕೊಟ್ರು, ಬೆಳಗಿನ ಜಾವ, ಸಾಹೇಬರು ಏಳೋ ಮುಂಚೆ. ಆರೂವರೆಗೆ ನಾವು ಕೋರ್ಟ್ ಬಿಟ್ಟು ಹೊರಗೆ ಇರಬೇಕು. ಒಂದಿನ ಕ್ಲಬ್ಬಿನ ಕಾರ್ಯದರ್ಶಿ ಬೇಗ ಬಂದು ನೋಡಿದ್ರು. ಅವತ್ತಿಂದ ಮಾರ್ಕರ್ ಸಂಬಳದಲ್ಲಿ ಹಿಡಿದುಕೊಂಡ್ರು, ನನ್ನನ್ನ ಗೇಟಿನ ಒಳಗೆ ಬಿಡಲಿಲ್ಲ.

ಇಲ್ಲಿ ಎಲ್ಲರೂ ಬ್ಯಾಟಿನ ಬೆಲೆ ಹೇಳ್ತಿದ್ದೀರಿ. ಬ್ಯಾಟ್ ನನಗೆ ಪುಕ್ಕಟೆ ಸಿಕ್ಕಿತ್ತು. ಇಲ್ಲದಿದ್ದದ್ದು ಕೋರ್ಟ್. ಮಗಳ ಬ್ಯಾಟಿಗೆ ನಾಲ್ಕು ಸಾವಿರ ಅಂತ ಬರೆದವರಿಗೆ ನಾನು ಹೇಳೋದು, ಬ್ಯಾಟ್ ಒಂದು ಸಲದ ಖರ್ಚು. ತಿಂಗಳ ಫೀಸು, ಕೋರ್ಟ್ ಬಾಡಿಗೆ, ಚೆಂಡಿನ ಡಬ್ಬಿ ಲೆಕ್ಕ ಹಾಕಿ ನೋಡಿ. ಈ ಆಟ ಯಾರಿಗೆ ಸಿಗುತ್ತೆ ಯಾರಿಗೆ ಸಿಗಲ್ಲ ಅನ್ನೋದು ಅಲ್ಲಿ ತೀರ್ಮಾನ ಆಗುತ್ತೆ. ಅವತ್ತೂ ಹಾಗೇ, ಇವತ್ತೂ ಹಾಗೇ.

ನೀಲಿಲಂಗ

ಮಾರ್ಕರ್ ಈಗ ಇದ್ದಾರಾ?

ಚೆಂಡುಹೆಕ್ಕೋನು

ಇಲ್ಲ ಅಕ್ಕ. ಅವರ ಮೊಮ್ಮಗ ಜಿಲ್ಲಾ ಮಟ್ಟದಲ್ಲಿ ಆಡ್ತಾನೆ.

ಮಲ್ಲೇಶ್ವರದಮರ

ಕೋರ್ಟ್ ಮಾತು ಬಂದಿದ್ದಕ್ಕೆ ಹೇಳ್ತೀನಿ. ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮುಹೂರ್ತ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದರು. ಆ ವರ್ಷದಿಂದ ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ಎರಡು ಲೈಟ್ ಕಂಬದ ನಡುವೆ ಹಗ್ಗ ಕಟ್ಟದ ಬೀದಿ ಇರಲಿಲ್ಲ. ಶಟಲ್‌ಗೆ ಬೀದಿ ಸಾಕು, ಟೆನಿಸ್‌ಗೆ ಸಾಲದು. ನಮ್ಮಲ್ಲಿ ಶಟಲ್ ಇಷ್ಟು ಹರಡೋಕೆ, ಟೆನಿಸ್ ಹರಡದೆ ಇರೋಕೆ ಕಾರಣ ಬ್ಯಾಟಿನ ಬೆಲೆ ಅಲ್ಲ, ಜಾಗ. @ಚೆಂಡುಹೆಕ್ಕೋನು ಹೇಳಿದ್ದು ನೂರಕ್ಕೆ ನೂರು ಸರಿ.

ಕಾಫಿಹೂವು

ಕೊಡಗಿನವಳು ನಾನು. ನಮ್ಮ ಕಡೆ ತೋಟದವರ ಕ್ಲಬ್‌ಗಳಲ್ಲಿ ಕೋರ್ಟ್ ಇತ್ತು, ಆದ್ರೆ ವರ್ಷದಲ್ಲಿ ಐದು ತಿಂಗಳು ಪಾಚಿ. ಜಾರಿ ಬೀಳದೆ ಆಡೋದೇ ದೊಡ್ಡ ವಿದ್ಯೆ. ಕಾಫಿ ಒಣಗಿಸೋ ಕಣ ಖಾಲಿ ಇದ್ದಾಗ ನಾವು ಮಕ್ಕಳು ಅಲ್ಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡ್ತಿದ್ವಿ. ನಯವಾದ ಸಿಮೆಂಟ್ ನೆಲ, ಚೆಂಡು ಒಳ್ಳೇ ಪುಟಿಯೋದು. ಡಿಸೆಂಬರ್ ಬಂದು ಹಣ್ಣು ಹರವಿದ್ರೆ ಆಟ ಬಂದ್. ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ದಿನ ನಮ್ಮ ಮನೇಲಿ ಎಲ್ಲರೂ ಎದ್ದು ಕುಣಿದ್ವಿ. 43ನೇ ವಯಸ್ಸಲ್ಲಿ! ತಾತ ತಮ್ಮ ಹಳೇ ಬ್ಯಾಟ್ ತಂದು ತೋರಿಸಿ, ಇದ್ರಲ್ಲಿ ಅವನಿಗೆ ಸರ್ವ್ ಮಾಡೋಕೆ ಹೇಳಿ ನೋಡೋಣ ಅಂದ್ರು.

ತಾಲೂಕು_ಹೈದ

ರಮೇಶ್ ಕೃಷ್ಣನ್‌ಗೆ ಕೊಡಬೇಕಿತ್ತು ಆ ಬ್ಯಾಟ್. ಸರ್ವ್ ಮೆಲ್ಲಗೆ, ಆದ್ರೆ ಚೆಂಡನ್ನ ಎಲ್ಲಿ ಇಡಬೇಕೋ ಅಲ್ಲೇ ಇಡೋರು. 1987ರ ಡೇವಿಸ್ ಕಪ್ ಸೆಮಿಫೈನಲ್, ಸಿಡ್ನಿ, ಹುಲ್ಲಿನ ಅಂಗಳ, 2-2. ಕೊನೇ ಪಂದ್ಯದಲ್ಲಿ ಆಸ್ಟ್ರೇಲಿಯಾದ ಮಸೂರ್‌ನ ಸೋಲಿಸಿದ್ರು. ನಮ್ಮೂರಲ್ಲಿ ಟೆನಿಸ್ ಗೊತ್ತಿಲ್ಲದೋರೂ ಅವತ್ತು ಪಟಾಕಿ ಹೊಡೆದ್ರು.

ಕೋಟೆಬಯಲು

ಎಲ್ಲರಿಗೂ ಧನ್ಯವಾದ. ಚೆಂಡುಹೆಕ್ಕೋನು ಅವರ ಬರಹವನ್ನ ಹೆಂಡತಿಗೂ ಓದಿ ಹೇಳಿದೆ. ನಮ್ಮ ಬಡಾವಣೆ ಪಾರ್ಕಿನ ಮೂಲೇಲಿ ಒಂದು ಹಾಳು ಬಿದ್ದ ಸಿಮೆಂಟ್ ಅಂಗಳ ಇದೆ, ಸಂಘದವರು ಅಲ್ಲಿ ಗಾಡಿ ನಿಲ್ಲಿಸೋಕೆ ಬಿಟ್ಟಿದ್ದಾರೆ. ಭಾನುವಾರದ ಸಭೇಲಿ ಆ ವಿಷಯ ಎತ್ತುತೀನಿ.

@ಹಸಿರಂಗಳ ಸರ್, ಈಗ ಮಗಳಿಗೆ ಏನು ತಗೊಳ್ಳಲಿ? ನೇರವಾಗಿ ಹೇಳಿ.

ಹಸಿರಂಗಳ

ಎಂಟು ವರ್ಷಕ್ಕೆ ಗ್ರಾಫೈಟ್ ಬೇಡ. ಮಕ್ಕಳ ಅಳತೆಯ ಅಲ್ಯೂಮಿನಿಯಂ ಸಾಕು, ಈಗಿನವು ನಮ್ಮ ಕಾಲದವುಗಳ ಹಾಗಿಲ್ಲ, ಹಗುರ ಮತ್ತು ಸಮತೋಲನ ಚೆನ್ನಾಗಿದೆ. 23 ಅಥವಾ 25 ಇಂಚು. ಮಗು ನೆಟ್ಟಗೆ ನಿಂತು ಬ್ಯಾಟನ್ನು ಕಾಲಿನ ಪಕ್ಕ ಇಳಿಬಿಟ್ಟರೆ ತುದಿ ನೆಲಕ್ಕೆ ಸ್ವಲ್ಪ ತಾಕಬೇಕು, ಅಷ್ಟೇ ಲೆಕ್ಕ. ಒಂದೂವರೆ ಸಾವಿರದೊಳಗೆ ಸಿಗುತ್ತೆ. ಪಟ್ಟಿ ಕೊಟ್ಟವರ ಹತ್ರ ಮಾತಾಡಿ, ಬಹಳಷ್ಟು ತರಬೇತುದಾರರು ಒಪ್ತಾರೆ.

ಉಳಿದ ದುಡ್ಡು ಚೆಂಡಿಗೆ ಹಾಕಿ. ಮಕ್ಕಳಿಗೆ ಅಂತಲೇ ಕೆಂಪು, ಕಿತ್ತಳೆ, ಹಸಿರು ಗುರುತಿನ ಚೆಂಡುಗಳಿವೆ. ಕೆಂಪು ಎಲ್ಲಕ್ಕಿಂತ ನಿಧಾನ, ಮಾಮೂಲಿ ಚೆಂಡಿಗಿಂತ 75 ಪ್ರತಿಶತ. ಕಿತ್ತಳೆ 50, ಹಸಿರು 25. ಹತ್ತು ವರ್ಷದೊಳಗಿನ ಸ್ಪರ್ಧೆಗಳಲ್ಲಿ ಇವನ್ನೇ ಬಳಸಬೇಕು ಅಂತ 2012ರಿಂದ ಅಂತರರಾಷ್ಟ್ರೀಯ ನಿಯಮ ಇದೆ. ನಿಮ್ಮ ಮಗಳಿಗೆ ಈಗ ಕಿತ್ತಳೆ. ಚೆಂಡು ಸೊಂಟದ ಎತ್ತರಕ್ಕೆ ಬಂದರೆ ಮಗು ತಾನಾಗೇ ಸರಿಯಾಗಿ ಹೊಡೆಯುತ್ತೆ. ನಮಗೆ ಮಾಮೂಲಿ ಚೆಂಡು ತಲೆ ಮೇಲೆ ಪುಟಿದು ಹೋಗ್ತಿತ್ತು.

ಡಲ್ಲಾಸ್_ಹಾಸನ

ಅಮೆರಿಕಾದಲ್ಲಿ ಹಳೇ ಸಾಮಾನಿನ ಅಂಗಡಿಗಳಲ್ಲಿ ಮರದ ಬ್ಯಾಟ್ ಐದು, ಹತ್ತು ಡಾಲರ್‌ಗೆ ರಾಶಿ ಬಿದ್ದಿರುತ್ತೆ. ಚಿಕ್ಕವನಿದ್ದಾಗ ಹಾಸನದಲ್ಲಿ ಪತ್ರಿಕೇಲಿ ಚಿತ್ರ ಕತ್ತರಿಸಿ ಇಟ್ಕೊಂಡಿದ್ದ ಬ್ಯಾಟೇ ಸಿಕ್ತು, ಕಾಫಿ ಬೆಲೆಗೆ. ತಗೊಂಡು ಬಂದೆ. ಪ್ರೆಸ್ ಸಮೇತ ಇದೆ, ಚೌಕಟ್ಟು ನೆಟ್ಟಗಿದೆ, ಗಟ್ ಮಾತ್ರ ಎರಡು ಹೋಗಿದೆ. ಗೋಡೆಗೆ ನೇತುಹಾಕೋಕೆ ಮನಸ್ಸಿಲ್ಲ, ಆಡಬೇಕು. @ಗಟ್_ಮೇಷ್ಟ್ರು ಇಲ್ಲಿನ ಅಂಗಡಿಯವನಿಗೆ ಏನಂತ ಹೇಳಲಿ?

ಗಟ್_ಮೇಷ್ಟ್ರು

ಮೊದಲು ಉಳಿದ ಗಟ್ ಕತ್ತರಿಸಿ ತೆಗೀರಿ, ಮೇಲೆ ಹೇಳಿದ ಹಾಗೆ ಮಧ್ಯದಿಂದ. ಆಮೇಲೆ ಬೆಳಕಿಗೆ ಹಿಡಿದು ಒಂದೊಂದೇ ತೂತಿನ ಸುತ್ತ ನೋಡಿ. ತೂತಿಂದ ತೂತಿಗೆ ಕೂದಲೆಳೆಯಷ್ಟು ಬಿರುಕಿದ್ರೂ ಬಿಟ್ಬಿಡಿ, ಗೋಡೆಗೇ ಹಾಕಿ. ಬಿರುಕಿಲ್ಲ ಅಂದ್ರೆ ಪಾಲಿಯೆಸ್ಟರ್ ಗಟ್ ಬೇಡವೇ ಬೇಡ ಅಂತ ಹೇಳಿ, ಅದು ಹಳೇ ಮರವನ್ನ ಸೀಳುತ್ತೆ. ಮೆತ್ತನೆ ನೈಲಾನ್ ಅಥವಾ ನಿಜವಾದ ಕರುಳಿನ ಗಟ್. ಎಳೆತ 45 ಪೌಂಡ್ ಸಾಕು, 50 ದಾಟಿಸಬಾರದು.

ಡಲ್ಲಾಸ್_ಹಾಸನ

ಬಿರುಕಿಲ್ಲ, ಈಗಷ್ಟೇ ದೀಪದ ಕೆಳಗೆ ನೋಡಿದೆ. ಇಲ್ಲಿನವನು ಮರದ್ದು ಮುಟ್ಟಲ್ಲ ಅಂತಾನೆ. ಡಿಸೆಂಬರ್‌ನಲ್ಲಿ ಊರಿಗೆ ಬರ್ತೀನಿ, ನಿಮ್ಮ ಹತ್ರಾನೇ ತರಲಾ?

ಗಟ್_ಮೇಷ್ಟ್ರು

ತನ್ನಿ. ವಿಮಾನದಲ್ಲಿ ಪ್ರೆಸ್‌ನಲ್ಲೇ ಇಟ್ಟು ತನ್ನಿ, ನಟ್ಟು ತೀರಾ ಬಿಗಿ ಮಾಡ್ಬೇಡಿ.